ಖಾಲಿ ಕುರ್ಚಿಗಳ ಉಳಿತಾಯ

2023ರ ಜೂನ್ ತಿಂಗಳ ಒಂದು ಸಂಜೆ ನಮ್ಮ ಕಚೇರಿಯಲ್ಲಿ ಸಿಎ ತರಬೇತಿಗಿದ್ದ ಆರ್ಟಿಕಲ್ ಹುಡುಗಿಯೊಬ್ಬಳು ಎರಡು ಹಾಳೆ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತಳು. ಒಂದರಲ್ಲಿ ವರ್ಷದ ಕರೆಂಟ್ ಬಿಲ್ಲುಗಳ ಮೊತ್ತ, ಇನ್ನೊಂದರಲ್ಲಿ ಪ್ರಯಾಣ ವೆಚ್ಚದ ಲೆಡ್ಜರು. "ಸರ್, ನಮ್ಮ ಕಾರ್ಬನ್ ಸ್ಟೇಟ್‌ಮೆಂಟ್‌ನಲ್ಲಿ ಫ್ಲೈಟ್ ಎಲ್ಲೂ ಬಂದಿಲ್ಲ. ಬಿಟ್ಟುಹೋಗಿದ್ದಾ ಸರ್, ಇಲ್ಲ ನಾವೇ ಬಿಟ್ಟಿದ್ದಾ?" ಎಂದಳು.

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅವಳು ಕೆಲಸಕ್ಕೆ ಸೇರಿದ ಮೊದಲ ವಾರ ನಾನೇ ಹೇಳಿಕೊಟ್ಟ ಪಾಠವದು. ಪುಸ್ತಕದಲ್ಲಿ ಬರೆದದ್ದನ್ನು ತಾಳೆ ನೋಡುವುದು ಆಡಿಟರನ ಅರ್ಧ ಕೆಲಸ, ಬರೆಯಬೇಕಾಗಿದ್ದೂ ಬರೆಯದೇ ಉಳಿದದ್ದನ್ನು ಹುಡುಕುವುದು ಇನ್ನರ್ಧ. "ಇಟ್ಟು ಹೋಗಮ್ಮ, ನೋಡ್ತೀನಿ" ಎಂದೆ. ಅವಳು ಹೋದ ಮೇಲೂ ಬಹಳ ಹೊತ್ತು ಆ ಲೆಡ್ಜರಿನ ಕಡೆ ಕೈ ಹೋಗಲಿಲ್ಲ. ಅದರಲ್ಲಿ ಏನಿದೆ ಎಂಬುದು ನನಗೆ ಗೊತ್ತಿತ್ತು.

ಬೆಂಗಳೂರಿನಲ್ಲಿ ನಲವತ್ತು ಜನ ಕೆಲಸ ಮಾಡುವ ಒಂದು ಚಾರ್ಟರ್ಡ್ ಅಕೌಂಟೆಂಟ್ ಫರ್ಮಿನಲ್ಲಿ ನಾನು ಪಾರ್ಟ್ನರ್. ಚಿಮಣಿಯಿಲ್ಲ, ಯಂತ್ರಗಳಿಲ್ಲ, ಲಾರಿಗಳಿಲ್ಲ. ನಾವು ಯಾರ ಗಾಳಿಯನ್ನೂ ಕೆಡಿಸುವವರಲ್ಲ ಎಂದೇ ಬಹಳ ವರ್ಷ ನಂಬಿದ್ದೆ. ನಂಬಿಕೆಗೆ ಪೆಟ್ಟು ಬಿದ್ದದ್ದು 2022ರಲ್ಲಿ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಪರಿಸರದ ಹೊಣೆಗಾರಿಕೆಯ ಬಗ್ಗೆ ವರದಿ ಕೊಡಲೇಬೇಕು ಎಂದು ಷೇರುಪೇಟೆ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿತು. ಆ ಪಟ್ಟಿಯಲ್ಲಿದ್ದ ನಮ್ಮ ಕ್ಲೈಂಟ್ ಒಬ್ಬರು, ತಮಗೆ ಸೇವೆ ಒದಗಿಸುವ ಎಲ್ಲರಂತೆ ನಮಗೂ ಪತ್ರ ಬರೆದು, "ನಿಮ್ಮ ಇಂಗಾಲದ ಲೆಕ್ಕ ಕಳಿಸಿ" ಎಂದರು. ಲೆಕ್ಕ ಬರೆಯುವವರನ್ನೇ ಲೆಕ್ಕ ಕೇಳಿದ್ದರು. ನಾನು ಉತ್ಸಾಹದಿಂದಲೇ ಕೂತೆ.

ಜಗತ್ತಿನಾದ್ಯಂತ ಈ ಲೆಕ್ಕಕ್ಕೆ ಬಳಸುವ ಜಿಎಚ್‌ಜಿ ಪ್ರೋಟೋಕಾಲ್ ಎಂಬ ಪದ್ಧತಿಯಲ್ಲಿ ಸ್ಕೋಪ್ ಎಂದು ಕರೆಯುವ ಮೂರು ಖಾನೆಗಳಿವೆ. ನಾವೇ ಸುಡುವ ಇಂಧನ ಒಂದನೆಯ ಸ್ಕೋಪ್‌ನಲ್ಲಿ ಬರುತ್ತದೆ. ನಮ್ಮಲ್ಲಿ ಅದು ಜನರೇಟರಿನ ಡೀಸೆಲ್ ಮಾತ್ರ, ಲೀಟರಿಗೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಕೊಂಡ ಕರೆಂಟು ಎರಡನೆಯದು. ನಮ್ಮ ದೇಶದ ಗ್ರಿಡ್ಡಿಗೆ ಬರುವ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದಾದ್ದರಿಂದ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ. ಮಿಕ್ಕದ್ದೆಲ್ಲ, ಅಂದರೆ ಕೊಳ್ಳುವ ಸಾಮಾನು, ನೌಕರರ ಓಡಾಟ, ಕಸ, ಹೀಗೆ ಹದಿನೈದು ಬಾಬತ್ತು, ಮೂರನೆಯ ಸ್ಕೋಪ್. ಕೆಲಸದ ಮೇಲಿನ ಪ್ರಯಾಣ ಅದರಲ್ಲಿ ಆರನೆಯದು. ಮೊದಲೆರಡು ಖಾನೆಗಳನ್ನು ತುಂಬಲೇಬೇಕು. ಮೂರನೆಯದನ್ನು ಇಷ್ಟವಿದ್ದರೆ ತುಂಬಬಹುದು. ಸೆಬಿಯ ನಮೂನೆಯಲ್ಲೂ ಹಾಗೇ ಇದೆ.

ನಾನು ಮೂರನೆಯದನ್ನು ಖಾಲಿ ಬಿಟ್ಟೆ. ನಿಯಮ ಮುರಿದಿರಲಿಲ್ಲ. ಆದರೆ ನಮ್ಮಂಥ ಸಂಸ್ಥೆಯ ಹೊಗೆಯೆಲ್ಲ ಇರುವುದೇ ಆ ಖಾನೆಯಲ್ಲಿ ಎಂಬುದು ತಿಳಿಯದಷ್ಟು ಹೊಸಬನಾಗಿರಲಿಲ್ಲ. ಸಿಮೆಂಟ್ ಕಂಪನಿಗೆ ಗೂಡಿನ ಬೆಂಕಿ ಹೇಗೋ ಆಡಿಟ್ ಫರ್ಮಿಗೆ ವಿಮಾನದ ಟಿಕೆಟ್ಟು ಹಾಗೆ. "ಟಿಕೆಟ್ಟಿನ ದುಡ್ಡು ಕ್ಲೈಂಟ್ ಕೊಡ್ತಾರೆ, ಆ ಹೊಗೆ ಅವರ ಲೆಕ್ಕಕ್ಕೆ" ಎಂದು ಪಾರ್ಟ್ನರುಗಳ ಮೀಟಿಂಗಿನಲ್ಲಿ ಹೇಳಿದವನೂ ನಾನೇ. ಯಾರೂ ಎದುರು ಮಾತಾಡಲಿಲ್ಲ. ಎಲ್ಲರೂ ಹಾರುವವರೇ ಆಗಿದ್ದೆವು.

ಇದಕ್ಕಿಂತ ದೊಡ್ಡ ತಪ್ಪೊಂದಿದೆ. 2019-20ರಲ್ಲಿ ನಮ್ಮ ಕಚೇರಿ 36,000 ಯೂನಿಟ್ ಕರೆಂಟ್ ಬಳಸಿತ್ತು. 2021-22ರಲ್ಲಿ 24,000. "ಎರಡೇ ವರ್ಷದಲ್ಲಿ ಮೂರನೇ ಒಂದು ಭಾಗ ಇಳಿಕೆ" ಎಂದು ಸ್ಟೇಟ್‌ಮೆಂಟಿನ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದೆ. ಎರಡೂ ಅಂಕಿ ನಿಜ, ಭಾಗಾಕಾರವೂ ಸರಿ. ಆದರೆ ಬಲ್ಬುಗಳನ್ನು ಎಲ್‌ಇಡಿ ಮಾಡಿ, ಎಸಿಯನ್ನು 20ರಿಂದ 24 ಡಿಗ್ರಿಗೆ ಏರಿಸಿ, ರಾತ್ರಿ ಕಂಪ್ಯೂಟರು ಆರಿಸುವ ಅಭ್ಯಾಸ ಮಾಡಿಸಿ ನಾವು ಉಳಿಸಿದ್ದು ಸುಮಾರು 6,000 ಯೂನಿಟ್. ಇನ್ನುಳಿದ 6,000 ಖಾಲಿ ಕುರ್ಚಿಗಳ ಉಳಿತಾಯ. ಕೊರೋನಾದ ಎರಡನೇ ಅಲೆಯಲ್ಲಿ ಹುಡುಗರು ತಮ್ಮ ತಮ್ಮ ಮನೆಯ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಿದ್ದರು. ನಮ್ಮಲ್ಲಿ ಕೆಲವರು ಆ ತಿಂಗಳುಗಳಲ್ಲಿ ಮನೆಯವರನ್ನೇ ಕಳೆದುಕೊಂಡಿದ್ದರು. ಆ ದಿನಗಳನ್ನು ನನ್ನ ಸಾಧನೆಯ ಕೆಳಗೆ ಜಮಾ ಮಾಡಿಕೊಂಡೆ. ಕ್ಲೈಂಟ್ ಹೀಗೆ ಅನುಕೂಲದ ವರ್ಷ ಹಿಡಿದು ಹೋಲಿಕೆ ಮಾಡಿದ್ದರೆ ವರ್ಕಿಂಗ್ ಪೇಪರಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ವಿವರಣೆ ಕೇಳುತ್ತಿದ್ದೆ.

ಆ ಸಂಜೆ ಕೊನೆಗೂ ಲೆಡ್ಜರು ತೆರೆದೆ. 2022-23ರಲ್ಲಿ ನಾನು ಮುಂಬೈಗೆ 31 ಸಲ ಹೋಗಿ ಬಂದಿದ್ದೆ. ವಿಮಾನದ ದಾರಿ ಒಂದು ಕಡೆಗೆ ಸುಮಾರು 840 ಕಿಲೋಮೀಟರ್. ಒಬ್ಬ ಪ್ರಯಾಣಿಕನಿಗೆ ಕಿಲೋಮೀಟರಿಗೆ ಬರೀ 100 ಗ್ರಾಂ ಎಂದು ಹಿಡಿದರೂ ಹೋಗಿಬರುವುದಕ್ಕೆ ಹೆಚ್ಚುಕಡಿಮೆ 170 ಕಿಲೋ. ಮೂವತ್ತೊಂದು ಸಲಕ್ಕೆ ಐದು ಟನ್ನಿಗೂ ಮೇಲೆ. ಪಕ್ಕದಲ್ಲಿ ನಮ್ಮ 6,000 ಯೂನಿಟ್ಟನ್ನು ಗುಣಿಸಿ ಬರೆದೆ. ನಾಲ್ಕು ಟನ್ ಚಿಲ್ಲರೆ. ನಲವತ್ತು ಜನ ವರ್ಷವಿಡೀ ಸೆಕೆ ತಡೆದುಕೊಂಡು, ಸ್ವಿಚ್ಚು ಆರಿಸಿ ಉಳಿಸಿದ್ದಕ್ಕಿಂತ ಹೆಚ್ಚನ್ನು ನಾನೊಬ್ಬನೇ ಸುಟ್ಟಿದ್ದೆ. ನಮ್ಮ ದೇಶದಲ್ಲಿ ತಲೆಗೆ ವರ್ಷಕ್ಕೆ ಬೀಳುವ ಪಾಲು ಸುಮಾರು ಎರಡು ಟನ್. ಅದೇ ಕಚೇರಿಯಲ್ಲಿ, ಎಸಿ 22ಕ್ಕೆ ಇಳಿಸಿದ ಹುಡುಗನೊಬ್ಬನನ್ನು ಎಲ್ಲರೆದುರು ಗದರಿಸಿದ್ದು ನೆನಪಾಯಿತು.

ಅಷ್ಟು ಸಲ ಹೋಗಿದ್ದೇಕೆ ಎಂದು ಒಂದೊಂದೇ ದಿನಾಂಕದ ಮುಂದೆ ಬರೆಯುತ್ತ ಹೋದೆ. ಗೋದಾಮಿನ ದಾಸ್ತಾನು ಎಣಿಸುವಾಗ ನಾವು ಖುದ್ದು ಹಾಜರಿರಬೇಕು, ಆಡಿಟ್ ಮಾನದಂಡವೇ ಅದನ್ನು ಕೇಳುತ್ತದೆ. ಅಂಥವು ನಾಲ್ಕು. ಹಣಕಾಸು ಅಧಿಕಾರಿಯ ಕಣ್ಣು ನೋಡಿಯೇ ಕೇಳಬೇಕಾದ ಪ್ರಶ್ನೆಗಳಿದ್ದದ್ದು ಐದು ಸಲ. ಮಿಕ್ಕ ಇಪ್ಪತ್ತೆರಡು ಒಂದು ಗಂಟೆಯ ಮೀಟಿಂಗುಗಳು. ಬೋರ್ಡ್ ಸಭೆಗೆ ವಿಡಿಯೋದಲ್ಲಿ ಕೂರಲು 2013ರ ಕಂಪನಿ ಕಾಯ್ದೆಯೇ ಅವಕಾಶ ಕೊಟ್ಟಿದೆ. ಲೆಕ್ಕಪತ್ರ ಒಪ್ಪುವಂಥ ವಿಷಯಗಳಿಗೆ ಇದ್ದ ನಿರ್ಬಂಧವೂ 2021ರ ಜೂನ್‌ನಲ್ಲಿ ಹೋಯಿತು. ಹಾಗಾಗಿ ನನ್ನನ್ನು ಬರಲೇಬೇಕೆಂದು ಯಾರೂ ಕರೆದಿರಲಿಲ್ಲ. ನನಗೆ ಹೋಗುವುದು ಬೇಕಿತ್ತು. ಪಾವಗಡ ತಾಲ್ಲೂಕಿನ ಹಳ್ಳಿಯಿಂದ ಕೆಂಪು ಬಸ್ಸಿನಲ್ಲಿ ಬಂದು ಓದಿದವನಿಗೆ, ಬೆಳಿಗ್ಗೆ ಆರರ ಫ್ಲೈಟ್ ಹತ್ತಿ ರಾತ್ರಿ ಊಟಕ್ಕೆ ಮನೆಗೆ ಬರುವುದು, ನಾನು ಎಲ್ಲಿಂದ ಎಲ್ಲಿಗೆ ಬಂದೆ ಎಂಬುದರ ಲೆಕ್ಕವಾಗಿತ್ತು. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಪಾವಗಡದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡಬೇಕು. ಅಲ್ಲಿಯ ಸೋಲಾರ್ ಪಾರ್ಕ್ ಎಲ್ಲರಿಗೂ ಗೊತ್ತು: ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ಜಮೀನನ್ನು ರೈತರಿಂದ ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು ಮಾಡಿ ಗುತ್ತಿಗೆಗೆ ಪಡೆದರು. ನಮ್ಮ ಅಣ್ಣನ ಆರು ಎಕರೆಯೂ ಅದರೊಳಗಿದೆ. ಕಡ್ಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದ ನೆಲವದು. ಕಾರ್ಬನ್ ವಿಷಯದ ಮೇಲೆ ಎಲ್ಲಿ ಮಾತಾಡಲು ಕರೆದರೂ "ನಮ್ಮ ಹೊಲದಲ್ಲೇ ಕರೆಂಟ್ ಬೆಳೀತೀವಿ" ಎಂದು ಶುರು ಮಾಡುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಅಣ್ಣನ ನೆಲದ ಬಿಸಿಲು ನನ್ನ ವಿಮಾನದ ಹೊಗೆಗೆ ವಜಾ ಎಂದು ಒಳಗೊಳಗೇ ನಂಬಿದ್ದೆ.

ಆ ವಿದ್ಯುತ್ತನ್ನು ಕೊಂಡವರು ಬೇರೆ, ಅದರ ಹಸಿರು ಲೆಕ್ಕ ಅವರದ್ದು. ಒಂದೇ ಯೂನಿಟ್ಟನ್ನು ಇಬ್ಬರು ಜಮಾ ತೋರಿಸುವಂತಿಲ್ಲ. ಒಂದೇ ಸರಕನ್ನು ಎರಡು ಗೋದಾಮಿನಲ್ಲಿ ಎಣಿಸಿದ ಕ್ಲೈಂಟಿಗೆ ನಾನು ಷರಾ ಬರೆದದ್ದಿದೆ. ನನ್ನ ಹೆಸರಿನಲ್ಲಿ ಅಲ್ಲಿ ಒಂದು ಗುಂಟೆಯೂ ಇಲ್ಲ. ಆ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದ, ಸ್ವಂತ ಭೂಮಿಯಿಲ್ಲದ ಕೂಲಿಯವರಿಗೆ ಬಾಡಿಗೆಯೂ ಬರಲಿಲ್ಲ, ಕೆಲಸವೂ ಹೋಯಿತು. ಸೋಲಾರ್ ಬೇಡವೆಂದು ನಾನು ಹೇಳುವುದಿಲ್ಲ, ಬೇಕೇ ಬೇಕು. ಆದರೆ ಅದಕ್ಕೆ ಬೆಲೆ ತೆತ್ತವರು ಅವರು, ಚಪ್ಪಾಳೆ ಪಡೆದವನು ನಾನು. ಹೋದ ವರ್ಷ ಊರಿಗೆ ಹೋದಾಗ ಈ ಮಾತನ್ನು ಅಣ್ಣನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಮಾತಾಡೋ ಕಡೆ ಅವ್ರ ವಿಷ್ಯಾನೂ ಹೇಳಪ್ಪ" ಎಂದ.

ಹುಡುಗಿಯ ಪ್ರಶ್ನೆಗೆ ಮರುದಿನ ಬೆಳಿಗ್ಗೆ ಉತ್ತರ ಕೊಟ್ಟೆ: "ನಾವೇ ಬಿಟ್ಟಿದ್ದಮ್ಮ." ಹಳೆಯ ಸ್ಟೇಟ್‌ಮೆಂಟ್ ತಪ್ಪು ಕಲ್ಪನೆ ಕೊಡುವಂತಿದೆ ಎಂದು ಕ್ಲೈಂಟಿಗೆ ಪತ್ರ ಬರೆದೆವು. ಹೊಸದರಲ್ಲಿ ವಿಮಾನ, ಕ್ಯಾಬ್, ಹೋಟೆಲ್ ಎಲ್ಲವನ್ನೂ ಸೇರಿಸಿದೆವು. ಇಳಿಕೆ ಎಂದು ತೋರಿಸಿದ್ದ ಜಾಗದಲ್ಲಿ ಏರಿಕೆ ಬಂತು. ಪಾರ್ಟ್ನರುಗಳಲ್ಲಿ ಒಬ್ಬರಿಗೆ ಇದು ಸರಿಕಾಣಲಿಲ್ಲ; "ಯಾರೂ ಕೇಳದ್ದನ್ನ ನಾವ್ಯಾಕೆ ಹೇಳ್ಕೋಬೇಕು?" ಎಂದರು. ಅವರಿಗೆ ಕೊಡಲು ನನ್ನಲ್ಲಿ ಒಂದೇ ಉತ್ತರವಿತ್ತು: ನಾವು ಸಂಬಳ ತೆಗೆದುಕೊಳ್ಳುವುದೇ ಬೇರೆಯವರು ಹೇಳಿಕೊಳ್ಳದ್ದನ್ನು ಹೇಳುವುದಕ್ಕೆ.

ಈಗ ಟಿಕೆಟ್ ಮಾಡಿಸುವ ಮೊದಲು ಖುದ್ದು ಹೋಗಬೇಕಾದ ಕಾರಣವನ್ನು ಬರೆಯಬೇಕು, ಪಾರ್ಟ್ನರುಗಳೂ ಸೇರಿ. ಚೆನ್ನೈಗೂ ಹುಬ್ಬಳ್ಳಿಗೂ ರೈಲೇ. ಮುಂಬೈಗೆ ರೈಲಿನಲ್ಲಿ ಇಡೀ ಒಂದು ದಿನ ಹಿಡಿಯುವುದರಿಂದ ಅಲ್ಲಿಗೆ ಇನ್ನೂ ವಿಮಾನವನ್ನು ಬಿಡಲಾಗಿಲ್ಲ. ಗಿಡ ನೆಟ್ಟು ಸರಿದೂಗಿಸಿದೆವು ಎಂದು ಬರೆಯುವುದಿಲ್ಲ ಎಂದೂ ತೀರ್ಮಾನಿಸಿದ್ದೇವೆ. ನೆಡುತ್ತೇವೆ, ಆದರೆ ಲೆಕ್ಕದಿಂದ ಕಳೆಯುವುದಿಲ್ಲ. ಇಂದು ಸುಟ್ಟದ್ದನ್ನು ಒಂದು ಸಸಿ ಹೀರಬೇಕಾದರೆ ಅದು ದಶಕಗಟ್ಟಲೆ ಬದುಕಿರಬೇಕು, ಆ ಭರವಸೆಗೆ ಸಹಿ ಹಾಕಲು ನನ್ನಿಂದಾಗದು.

ನಮ್ಮ ಸ್ಟೇಟ್‌ಮೆಂಟಿನಲ್ಲಿ ಈಗ ಪ್ರತಿ ಪಾರ್ಟ್ನರಿನ ಹೆಸರಿನ ಮುಂದೆ ಅವರವರ ಹಾರಾಟದ ಲೆಕ್ಕವಿರುತ್ತದೆ, ಕಚೇರಿಯ ಯಾರು ಬೇಕಾದರೂ ನೋಡಬಹುದು. ಕಳೆದ ವರ್ಷ ನನ್ನ ಹೆಸರಿನ ಮುಂದೆ ಇದ್ದದ್ದು: ಮುಂಬೈ 14 ಸಲ, 2.4 ಟನ್. ಅದರಲ್ಲಿ ಮೂರಕ್ಕೆ ಬರೆದ ಕಾರಣ ನನಗೇ ಸಾಲದು ಎನಿಸಿದೆ.