ವಜ್ರೇಶ್ವರಿಯ ಬಿಸಿನೀರಿಗೆ

ಮುಂಬಯಿಯಲ್ಲಿ ಬಿಡಾರ ಹೂಡಿರುವ ನಮ್ಮಂಥವರ ಮನೆಗಳಲ್ಲಿ ಹಿರಿಯರ ಮೊಣಕಾಲಿನ ಮಾತು ಬಾರದ ದಿನವಿಲ್ಲ. ಊರಿನ ಅಂಗಳದಲ್ಲಿ ಹೇಗೋ ನಡೆದುಹೋಗುತ್ತಿದ್ದ ಕಾಲುಗಳಿಗೆ ಇಲ್ಲಿ ಮೂರು ಮಾಳಿಗೆಯ ಮೆಟ್ಟಿಲು, ರೈಲ್ವೆ ಸೇತುವೆಯ ಮೆಟ್ಟಿಲು, ಬಸ್ಸಿನ ಎತ್ತರದ ಮೆಟ್ಟಿಲು! ಮೈಸೂರಿನವರು ಮಂಡಿ ಎನ್ನಲಿ, ಧಾರವಾಡದವರು ಮೊಣಕಾಲು ಎನ್ನಲಿ, ನೋವು ಒಂದೇ.

ನಮ್ಮ ತಾಯಿಯವರ ಎಕ್ಸ್‌ರೇ ನೋಡಿ ಡಾಕ್ಟರು, ಕೀಲಿನ ಮೃದ್ವಸ್ಥಿ ಸವೆದಿದೆ, ಆರು ತಿಂಗಳು ವ್ಯಾಯಾಮ ಮಾಡಲಿ, ಗುಣ ಕಾಣದಿದ್ದರೆ ಕೀಲು ಬದಲಿಸುವ ಆಪರೇಷನ್ನಿನ ವಿಚಾರ ಮಾಡೋಣ ಎಂದರು. ಆಪರೇಷನ್ನೆಂದರೆ ತಾಯಿಗೆ ಎದೆ ಝಲ್ಲೆನ್ನುತ್ತದೆ. ವ್ಯಾಯಾಮವೆಂದರೆ ನಗು. ನಾಲ್ಕು ದಿನ ಮಾಡಿ ಬಿಟ್ಟುಬಿಟ್ಟರು. “ಕುರ್ಚಿ ಮ್ಯಾಲೆ ಕೂತು ಕಾಲು ಎತ್ತಿ ಇಳಿಸಿದ್ರ ಬ್ಯಾನಿ ಹೋಗ್ತದೇನೋ ತಮ್ಮಾ? ವಜ್ರೇಶ್ವರಿ ಕುಂಡದಾಗ ಕೂತ್ರ ಹೋಗ್ತದಂತ.” ಡಾಕ್ಟರನ್ನು ಕೇಳಿದೆವು. ರಕ್ತದೊತ್ತಡ ಪರೀಕ್ಷಿಸಿ, “ಧಾರಾಳವಾಗಿ ಹೋಗಿಬನ್ನಿ, ಆದರೆ ಕಾಲು ಎತ್ತಿ ಇಳಿಸುವುದನ್ನು ನೀರಿನಲ್ಲೂ ಮಾಡಿಸಿ” ಎಂದರು.

ಸರಿ, ಒಂದು ಶನಿವಾರ ಹೊರಟೆವು. ವಸಯಿ ಸ್ಟೇಷನ್ನಿನಿಂದ ಸುಮಾರು 30 ಕಿಲೋಮೀಟರು. ತಾನಸಾ ನದಿಯ ದಡದಲ್ಲಿ ವಜ್ರೇಶ್ವರಿ, ಅಕಲೋಲಿ, ಗಣೇಶಪುರಿ ಒಂದಕ್ಕೊಂದು ಸಮೀಪದಲ್ಲಿವೆ. ದೇವಿ ಸಂಹರಿಸಿದ ರಾಕ್ಷಸರ ನೆತ್ತರೇ ಈ ಬಿಸಿನೀರಾಯಿತೆಂದು ಜನ ಹೇಳುತ್ತಾರೆ. ಭೂಗರ್ಭಶಾಸ್ತ್ರಜ್ಞರ ಪ್ರಕಾರ, ಮಳೆಯ ನೀರು ಕಪ್ಪುಕಲ್ಲಿನ ಬಿರುಕುಗಳಲ್ಲಿ ಆಳಕ್ಕಿಳಿದು, ಅಲ್ಲಿಯ ಶಾಖಕ್ಕೆ ಕಾದು ಮೇಲೇಳುತ್ತದೆ. ಕೊಂಕಣದ ಉದ್ದಕ್ಕೂ ಇಂಥ ಬುಗ್ಗೆಗಳ ಸಾಲೇ ಇದೆ.

ಅಕಲೋಲಿಯ ಕುಂಡಗಳಲ್ಲಿ ಗಂಧಕದ ವಾಸನೆ ಮೂಗಿಗೆ ಹೊಡೆಯಿತು. ಎಲ್ಲ ಕುಂಡಗಳ ಬಿಸಿ ಒಂದೇ ಸಮನಿಲ್ಲ. ಮೊದಲನೆಯದಕ್ಕೆ ಕೈ ಅದ್ದಿ ತಟ್ಟನೆ ಹಿಂದೆಗೆದೆವು. ಹದವಾದದ್ದನ್ನು ಹುಡುಕಿ, ತಾಯಿಯನ್ನು ನಮ್ಮ ಮನೆಯವರು ಕೈಹಿಡಿದು ಇಳಿಸಿದರು. “ಅತ್ಯಾ, ಸಾವಕಾಶ, ಪಾಚಿ ಅದ.” ತಾಯಿ ಕಣ್ಣು ಮುಚ್ಚಿ ಒಂದು ಕ್ಷಣ ಕುಳಿತು, “ಇಷ್ಟು ನೀರು ಮನ್ಯಾಗ ಕಾಸಿದ್ರ ಎಷ್ಟು ಸಿಲಿಂಡರು ಬೇಕಾಗ್ತಿತ್ತು!” ಎಂದರು.

ಐದು ನಿಮಿಷದಲ್ಲಿ ನಾವು ಕಾಣದಿದ್ದುದನ್ನು ಕಂಡೆವು. ಸೊಂಟಮಟ್ಟದ ನೀರಿನಲ್ಲಿ ತಾಯಿ ಗೋಡೆಯನ್ನು ಬಿಟ್ಟು ನಡೆದರು. ಇದರಲ್ಲಿ ಪವಾಡವಿಲ್ಲ. ಸೊಂಟದವರೆಗಿನ ನೀರು ಮೈಯ ಭಾರವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುತ್ತದೆ, ಶಾಖ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಸವೆದ ಮೃದ್ವಸ್ಥಿಯನ್ನು ಬೆಳೆಸುವ ಶಕ್ತಿ ಮಾತ್ರ ಯಾವ ಕುಂಡಕ್ಕೂ ಇಲ್ಲ. ಹಾಗೆಂದು ಸ್ನಾನ ಬರಿಯ ನಂಬಿಕೆಯೂ ಅಲ್ಲ. ಫ್ರಾನ್ಸಿನ ಮೂರು ಬಿಸಿನೀರಿನ ಊರುಗಳಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದುಂಟು. ಎಲ್ಲ ರೋಗಿಗಳಿಗೂ ಮನೆಯ ವ್ಯಾಯಾಮ ಹೇಳಿಕೊಟ್ಟು, ಅರ್ಧ ಜನರಿಗೆ 18 ದಿನ ಸ್ನಾನಚಿಕಿತ್ಸೆಯನ್ನೂ ಕೊಟ್ಟರು. ಆರು ತಿಂಗಳ ಮೇಲೆ ನೋಡಿದರೆ ವ್ಯಾಯಾಮವಷ್ಟೇ ಮಾಡಿದವರಲ್ಲಿ ನೂರಕ್ಕೆ ಸುಮಾರು 36 ಜನರಿಗೆ ಗುಣ, ಸ್ನಾನವೂ ಸೇರಿದವರಲ್ಲಿ ಸುಮಾರು 51 ಜನರಿಗೆ. ನಮಗೆ ಸಿಕ್ಕಿದ್ದು ಎರಡು ದಿನ. 18 ದಿನದ ರಜೆಗೆ ಅರ್ಜಿ ಹಾಕಿದರೆ ನಮ್ಮ ಹೆಡ್‌ಕ್ಲಾರ್ಕರ ಮುಖ ಹೇಗಾದೀತು!

ಕುಂಡದ ಮೆಟ್ಟಿಲ ಮೇಲೆ ಕುಳಿತು, ಕಾಲು ನೀಡಿ, ಐದು ಎಣಿಸುವವರೆಗೆ ಹಿಡಿದು, ಮತ್ತೆ ಇಳಿಸಬೇಕು. ತೊಡೆಯ ಮುಂಭಾಗದ ಸ್ನಾಯು ಬಲವಾದಷ್ಟೂ ಕೀಲಿನ ಕಷ್ಟ ಕಡಿಮೆ. ತಾಯಿ ಹತ್ತು ಸಲ ಮಾಡಿದರು. ನಗಲಿಲ್ಲ.

ಸಂಜೆ ಗಣೇಶಪುರಿಗೆ ಹೋದೆವು. ಮಂಗಳೂರು, ಉಡುಪಿ ಕಡೆಯವರಿಗೆ ಈ ಊರು ಹೊಸದಲ್ಲ. ಆ ಸೀಮೆಯಲ್ಲಿ ಓಡಾಡಿ ಇಲ್ಲಿ ನೆಲೆನಿಂತ ಭಗವಾನ್ ನಿತ್ಯಾನಂದರು 1961ರ ಆಗಸ್ಟಿನಲ್ಲಿ ಇಲ್ಲಿಯೇ ಸಮಾಧಿಸ್ಥರಾದರು. ಅವರು ಕೊನೆಯ ದಿನಗಳನ್ನು ಕಳೆದ ಕಟ್ಟಡದ ಹೆಸರು ಬೆಂಗಳೂರ್‌ವಾಲಾ! ದರ್ಶನದ ಸಾಲಿನಲ್ಲಿ ತುಳು, ಕನ್ನಡ ಕಿವಿಗೆ ಬಿದ್ದು ತಾಯಿಗೆ ಹಿಗ್ಗೋ ಹಿಗ್ಗು.

ಮರುದಿನ ವಜ್ರೇಶ್ವರಿಯ ಗುಡಿ. ಚಿಮಾಜಿ ಅಪ್ಪಾ 1739ರಲ್ಲಿ ಪೋರ್ತುಗೀಜರಿಂದ ವಸಯಿ ಕೋಟೆಯನ್ನು ಗೆದ್ದ ಮೇಲೆ ಹರಕೆಯಂತೆ ಕಟ್ಟಿಸಿದ್ದು. ನೋಟಕ್ಕೆ ಇದೂ ಒಂದು ಕೋಟೆಯೇ. ಮೆಟ್ಟಿಲು 52. ಕೆಳಗಿನಿಂದಲೇ ಕೈಮುಗಿಯಿರೆಂದರೆ ತಾಯಿ ಕೇಳಲಿಲ್ಲ. ಡಾಕ್ಟರು ಹೇಳಿಕೊಟ್ಟಿದ್ದಂತೆ ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಒಂದು ಮೆಟ್ಟಿಲಿನಲ್ಲಿ ಬಂಗಾರದ ಬಣ್ಣದ ಆಮೆಯಿದೆ. ಅದರ ಬಳಿ ನಿಂತು ಉಸಿರು ತಿರುಗಿಸಿಕೊಂಡು, “ಇದು ನನ್ನ ಗೆಳತಿ” ಎಂದರು. ಇಪ್ಪತ್ತು ನಿಮಿಷ ಹಿಡಿಯಿತು, ಹತ್ತಿದರು.

ಹೋಗಬೇಕೆನ್ನುವ ಸಂಘದ ಬಂಧುಗಳಿಗೆ ಒಂದೆರಡು ಮಾತು. ಹೃದಯದ ತೊಂದರೆ, ರಕ್ತದೊತ್ತಡವಿದ್ದವರು ವೈದ್ಯರನ್ನು ಕೇಳದೆ ಇಳಿಯಬಾರದು. ಕಾಲಿನಲ್ಲಿ ಗಾಯವಿದ್ದರೆ ಬೇಡ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ತಿಳಿಯದೆ ಸುಟ್ಟೀತು, ಮೊದಲು ಬೇರೆಯವರು ಕೈಯಿಟ್ಟು ನೋಡಲಿ. ಹದಿನೈದು ನಿಮಿಷ ಸಾಕು. ಎದ್ದಾಗ ತಲೆ ಸುತ್ತುತ್ತದೆ, ಪಕ್ಕದಲ್ಲಿ ಯಾರಾದರೂ ಇರಬೇಕು.

ನೋವು ನಾಲ್ಕನೆಯ ದಿನ ಮರಳಿತು, ಸ್ವಲ್ಪ ಮೆತ್ತಗೆ. ಡಾಕ್ಟರು ಕೊಟ್ಟ ಗಡುವಿಗೆ ಇನ್ನೂ ನಾಲ್ಕು ತಿಂಗಳಿದೆ. ತಾಯಿ ಈಗ ಬೆಳಿಗ್ಗೆ ಕುರ್ಚಿಯ ಮೇಲೆ ಕೂತು ಕಾಲು ನೀಡುತ್ತಾರೆ. ಎಣಿಸುವ ಕೆಲಸ ಮೊಮ್ಮಗಳದು. ಇಂಗ್ಲಿಷಿನಲ್ಲಿ ಎಣಿಸಿದರೆ ಅಜ್ಜಿ ಕಾಲು ಇಳಿಸುವುದಿಲ್ಲ, ಆದ್ದರಿಂದ ಒಂದರಿಂದ ಹತ್ತರವರೆಗೆ ಹುಡುಗಿಗೆ ಕನ್ನಡದಲ್ಲಿ ಬಾಯಿಪಾಠವಾಗಿದೆ.