ಯೆಜ್ಡಿಯ ಫ್ಯೂಸು ಮತ್ತು ಒಂದು ತಾಮ್ರದ ಎಳೆ

ಫ್ಯೂಸು ಇರುವುದು ದೀಪವನ್ನು ಕಾಯಲಿಕ್ಕೆಂದು ನಮ್ಮಲ್ಲಿ ಬಹುಮಂದಿ ನಂಬಿದ್ದಾರೆ. ವಾಸ್ತವದಲ್ಲಿ ಅದು ಕಾಯುವುದು ತಂತಿಯನ್ನು. ಬಲ್ಬು ಸುಟ್ಟರೆ ಹೊಸದನ್ನು ಹಾಕಬಹುದು. ಪೆಟ್ರೋಲು ಟ್ಯಾಂಕಿನ ಅಡಿಯಲ್ಲಿ ಹಾದುಹೋಗುವ ತಂತಿ ಕಾದು ಕೆಂಪಾದರೆ ವಾಹನವೇ ಉಳಿಯುವುದಿಲ್ಲ. ವಿಜ್ಞಾನದ ಮೇಷ್ಟ್ರಾಗಿದ್ದಾಗ ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆಂದು ಹಲವು ತಲೆಮಾರಿನ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಆ ಸೂತ್ರದ ನಿಜವಾದ ಬೆಲೆ ಎದುರು ನಿಂತದ್ದು ನಿವೃತ್ತನಾದ ಮೇಲೆ.

ಬೈಂದೂರು ಕಡೆಯ ಹಳೆಯ ಶಿಷ್ಯನೊಬ್ಬ ತಂದೆಯ ಕಾಲದ ಯೆಜ್ಡಿಯನ್ನು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕ್ ದೇಶದ ಜಾವಾ ಮಾದರಿಯ ಬೈಕುಗಳನ್ನು ಕಟ್ಟಿತು, ಎಪ್ಪತ್ತರ ದಶಕದಲ್ಲಿ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಕರಾವಳಿಯಲ್ಲಿ ಆ ಎರಡು ಸೈಲೆನ್ಸರುಗಳ ಸದ್ದು ಕೇಳಿ ಬೆಳೆದವರು ಬಹಳ ಜನ. ಈತ ಪ್ರತಿದಿನ ಮಗಳನ್ನು ಟ್ಯಾಂಕಿನ ಮೇಲೆ ಕುಳ್ಳಿರಿಸಿಕೊಂಡು ಅಂಗನವಾಡಿಗೆ ಬಿಡುತ್ತಿದ್ದನಂತೆ.

"ಫ್ಯೂಸ್ ಹಾಕ್ದಷ್ಟೂ ಹೋತ್ತ್ ಮಾಷ್ಟ್ರೇ, ಅದ್ಕೆ ತಾಮ್ರದ್ ಎಳೆ ಸುತ್ತಿಸ್ದೆ" ಎಂದನು. ಟ್ಯಾಂಕನ್ನು ಎತ್ತಿ ನೋಡಿದೆವು. ತಂತಿಯ ಹೊದಿಕೆ ಒಂದು ಗೇಣಿನಷ್ಟು ಉದ್ದ ಕರಗಿ, ಒಂದಕ್ಕೊಂದು ಅಂಟಿಕೊಂಡಿತ್ತು. ಆ ಹುಡುಗಿ ಕೂರುತ್ತಿದ್ದ ಜಾಗದ ಸರಿಯಾಗಿ ಕೆಳಗೆ! ಅವನು ಮಾತಾಡಲಿಲ್ಲ. ಮರುದಿನವೇ ಇಡೀ ವೈರಿಂಗನ್ನು ಹೊಸದಾಗಿ ಮಾಡುವುದೆಂದು ನಿಶ್ಚಯಿಸಿದೆವು.

ಹಳೆಯ ಯೆಜ್ಡಿಯದು ಆರು ವೋಲ್ಟಿನ ವ್ಯವಸ್ಥೆ. 35 ವ್ಯಾಟಿನ ಬಲ್ಬು ಆರು ವೋಲ್ಟಿನಲ್ಲಿ 5.8 ಆಂಪಿಯರ್ ಎಳೆಯುತ್ತದೆ. ಹನ್ನೆರಡು ವೋಲ್ಟಿನಲ್ಲಿ 60 ವ್ಯಾಟಿನ ಹ್ಯಾಲೊಜನ್ ಎಳೆಯುವುದು ಕೇವಲ 5. ಬೆಳಕು ಕಡಿಮೆ, ತಂತಿಗೆ ಭಾರ ಹೆಚ್ಚು. ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.035 ಓಮ್ ತಡೆ. ಹೋಗಿ ಬರುವ ದಾರಿ ಮೂರು ಮೀಟರ್ ಎಂದಿಟ್ಟುಕೊಂಡರೆ 5.8 ಆಂಪಿಯರಿಗೆ 0.6 ವೋಲ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಆರರಲ್ಲಿ ಅದು ಹತ್ತನೆಯ ಒಂದು ಪಾಲು. ಆದರೆ ಫಿಲಮೆಂಟ್ ಬಲ್ಬಿನ ಬೆಳಕು ಮಾತ್ರ ಶೇಕಡ 30ರಷ್ಟು ಕುಗ್ಗುತ್ತದೆ. ರಾತ್ರಿ ಆಟ ನೋಡಿ ಮಳೆಯಲ್ಲಿ ಮರವಂತೆಯ ದಾರಿಯಾಗಿ ಹಿಂದಿರುಗಿದವರು ಹಳೆಯ ಜಾವಾದ ದೀಪವನ್ನು ಮಿಣುಕು ಹುಳುವಿಗೆ ಹೋಲಿಸಿದ್ದು ಸುಮ್ಮನೆ ಅಲ್ಲ.

ಅವನು ಹನ್ನೆರಡು ವೋಲ್ಟಿನ ಆಲ್ಟರ್ನೇಟರ್ ಹೊಂದಿಸಿಕೊಂಡು, ಹ್ಯಾಲೊಜನ್ ದೀಪ ಮತ್ತು ಜೋಡಿ ಹಾರ್ನ್ ಬೇಕೆಂದನು. ನಾನು ಹಳೆಯ ಕಪ್ಪುಹಲಗೆಯ ಅಭ್ಯಾಸದಂತೆ ಕಾಗದದ ಮೇಲೆ ಬರೆದೆ. ಹೆಡ್‌ಲೈಟಿಗೆ 5 ಆಂಪಿಯರ್. ಹಿಂದಿನ ದೀಪ, ಬ್ರೇಕಿನ ದೀಪ ಸೇರಿ 26 ವ್ಯಾಟು, ಎರಡಕ್ಕಿಂತ ಸ್ವಲ್ಪ ಹೆಚ್ಚು. ಜೋಡಿ ಹಾರ್ನಿಗೆ ಎಂಟರಿಂದ ಹತ್ತು. ನಡೆಯುವ ಭಾರಕ್ಕೆ ಕಾಲು ಭಾಗ ಸೇರಿಸಿ, ಅದರ ಮೇಲಿನ ಫ್ಯೂಸನ್ನು ಆರಿಸಬೇಕು. ಆದರೆ ಆ ಫ್ಯೂಸಿನ ಅಂಕೆ ತಂತಿ ತಾಳುವ ಪ್ರವಾಹವನ್ನು ಮೀರಬಾರದು. ಮೀರುವುದಾದರೆ ತಂತಿಯನ್ನೇ ದಪ್ಪ ಮಾಡಬೇಕು. ತಪ್ಪುವುದು ಇಲ್ಲಿಯೇ: ಫ್ಯೂಸು ಹೋಗುತ್ತಿದೆಯೆಂದು ದೊಡ್ಡದನ್ನು ಹಾಕುತ್ತಾರೆ, ತಂತಿ ಹಳೆಯದೇ ಇರುತ್ತದೆ.

ಹೆಡ್‌ಲೈಟಿಗೆ ಒಂದು ಚದರ ಮಿಲಿಮೀಟರಿನ ತಂತಿ, 10 ಆಂಪಿಯರಿನ ಕೆಂಪು ಫ್ಯೂಸು. ಹಿಂದಿನ ದೀಪಗಳಿಗೆ 0.75ರ ತಂತಿ, 5ರ ತಿಳಿಕಂದು ಫ್ಯೂಸು. ಹಾರ್ನಿಗೆ ರಿಲೇ, ಒಂದೂವರೆಯ ತಂತಿ, 15ರ ನೀಲಿ ಫ್ಯೂಸು. ನಮ್ಮ ಅಂಗಡಿಗಳಲ್ಲಿ 23/76, 40/76 ಎಂದು ಕೇಳುವ ರೂಢಿ ಇನ್ನೂ ಇದೆ. ಅದು ಎಳೆಗಳ ಸಂಖ್ಯೆ ಮತ್ತು ಒಂದು ಎಳೆಯ ದಪ್ಪ, ಇಂಚಿನ ಹತ್ತುಸಾವಿರದ ಭಾಗಗಳಲ್ಲಿ. ಮೊಮ್ಮಗ ತೋರಿಸಿದ ವಿದೇಶೀ ವಿಡಿಯೊಗಳಲ್ಲಿ ಗೇಜಿನ ಅಂಕೆ; ಅಲ್ಲಿ ಅಂಕೆ ಹೆಚ್ಚಿದಷ್ಟೂ ತಂತಿ ತೆಳುವು, 18ಕ್ಕಿಂತ 16 ದಪ್ಪ. ಮನೆಗೆ ಎಳೆಯುವ ಒಂಟಿ ಎಳೆಯ ತಂತಿಯನ್ನು ಬೈಕಿಗೆ ಹಾಕಬಾರದು. ಎಂಜಿನ್ನಿನ ನಡುಕಕ್ಕೆ ಅದು ಮುರಿಯುತ್ತದೆ.

ಫ್ಯೂಸನ್ನು ಬ್ಯಾಟರಿಗೆ ಒಂದು ಗೇಣಿನೊಳಗೆ ಇಡಿಸಿದೆ. ಬ್ಯಾಟರಿಯಿಂದ ಫ್ಯೂಸಿನವರೆಗಿನ ತಂತಿಗೆ ಯಾರ ಕಾವಲೂ ಇಲ್ಲವಷ್ಟೆ. ಇನ್ನು ನಮ್ಮ ಸಮುದ್ರದ ಗಾಳಿ! ಕುಂದಾಪುರದಲ್ಲಿ ತೆರೆದ ತಾಮ್ರ ಒಂದು ಮಳೆಗಾಲ ಕಳೆಯುವುದರೊಳಗೆ ಹಸಿರುಗಟ್ಟುತ್ತದೆ. ಕಿಲುಬು ಹಿಡಿದ ಕೀಲಿನಲ್ಲಿ ತಡೆ ಹೆಚ್ಚಿ ಅದೇ ಕಾಯುತ್ತದೆ. ಕೀಲುಗಳಿಗೆ ಗ್ರೀಸು ಸವರಿ ರಬ್ಬರಿನ ಟೊಪ್ಪಿಗೆ ಹಾಕಿಸಿದೆ. ಈ ಕೆಲಸಕ್ಕೆ ಬ್ರಹ್ಮಾವರದಿಂದ ಬಂದ ಅವನ ಗೆಳೆಯ ಮೊದಮೊದಲು ನಕ್ಕು, ಆಮೇಲೆ ತಾನೇ ಹಚ್ಚಿದನು.

ಎರಡು ವಾರದ ಮೇಲೆ ಫೋನು ಬಂತು. ಕೆಂಪು ಫ್ಯೂಸು ಹೋಗಿತ್ತಂತೆ. ಅವನು ತಾಮ್ರದ ಎಳೆಯನ್ನು ಹುಡುಕದೆ ತಂತಿಯ ಜಾಡು ಹಿಡಿದು ಹೋಗಿ, ಹ್ಯಾಂಡಲು ತಿರುಗುವಲ್ಲಿ ಚಾಸಿಗೆ ಉಜ್ಜಿ ಹೊದಿಕೆ ಸವೆದದ್ದನ್ನು ಕಂಡುಹಿಡಿದಿದ್ದನು. ಅಲ್ಲಿಗೆ ತೋಳಿನಷ್ಟು ಸಡಿಲ ಬಿಟ್ಟು, ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದಾನೆ. ಸೀಟಿನಡಿಯ ಡಬ್ಬಿಯಲ್ಲಿ ಪ್ರತಿ ಬಣ್ಣದ ಎರಡೆರಡು ಫ್ಯೂಸು ಇಟ್ಟಿದ್ದಾನೆ. ಮಗಳು ಈಗ ಹಿಂದೆ ಕೂರುತ್ತಾಳೆ.