ಹಾಡುತ್ತ ಹಾಡುತ್ತ ರಾಗ

‘ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ’ ಎಂಬ ಗಾದೆಯನ್ನು ಹಿರಿಯರು ಸಂಗೀತ ಕಲಿಯುವವರಿಗಾಗಿ ಮಾತ್ರ ಹೇಳಿದ್ದಲ್ಲ. ರಾಗದಂತೆಯೇ ರೋಗವೂ ಅಭ್ಯಾಸದಿಂದಲೇ ಬಲಿಯುತ್ತದೆಂಬ ಎಚ್ಚರಿಕೆಯೂ ಅದರಲ್ಲಿದೆ. ಸಂತೋಷವು ದೈವ ಕೊಟ್ಟರೆ ದೊರೆಯುವ ವರವೆಂದೂ, ಉತ್ಸಾಹವು ಕೆಲವರ ಹುಟ್ಟುಗುಣವೆಂದೂ ನಂಬಿ ಕೈಕಟ್ಟಿ ಕುಳಿತವರು, ತಮಗೆ ಅರಿವಿಲ್ಲದೆಯೇ, ಪ್ರತಿನಿತ್ಯ ಎರಡನೆಯ ಅಭ್ಯಾಸವನ್ನು ನಡೆಸಿಕೊಂಡು ಬರುತ್ತಾರೆ.

ಹಾಸನದಲ್ಲಿ ಮನೆ ಮಾಡಿಕೊಂಡು, ಅರಕಲಗೂಡಿನ ಕಚೇರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಗೃಹಸ್ಥರೊಬ್ಬರನ್ನು ವಾಚಕರು ಕಲ್ಪಿಸಿಕೊಳ್ಳಲಿ. ಅಂಥವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಬೆಳಿಗ್ಗೆ ಕಿಟಕಿಯ ಪಕ್ಕದ ಸೀಟು ಸಿಗಲಿಲ್ಲವೆಂಬ ಕೊರಗು, ಹಗಲು ಮೇಲಧಿಕಾರಿಯ ಮಾತಿನ ಕೊರಗು, ಸಂಜೆ ಕಾಫಿ ಆರಿತೆಂಬ ಕೊರಗು. ಸಂಬಳ ಸಾಲದೆಂಬುದು ನಿಜ. ಬಡ್ತಿ ತಡವಾದದ್ದೂ ನಿಜ. ಆದರೆ ಒಂದು ಸಂಜೆ ಅವರು ಗೇಟು ತೆರೆಯುತ್ತಿದ್ದಂತೆಯೇ, ಒಳಗೆ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದ ಎಂಟು ವರ್ಷದ ಮಗಳು ತಟ್ಟನೆ ಸುಮ್ಮನಾದಳು. ಅವಳನ್ನು ಯಾರೂ ಗದರಿರಲಿಲ್ಲ. ತಂದೆಯ ಹೆಜ್ಜೆಯ ಸದ್ದೇ ಸಾಕಾಗಿತ್ತು. ರಾತ್ರಿ ಅವರ ಪತ್ನಿ ಹೆಚ್ಚೇನೂ ಆಡಲಿಲ್ಲ: “ನಿಮ್ಮ ಕಷ್ಟ ನನಗೆ ಗೊತ್ತಿಲ್ಲವೇನ್ರೀ? ಆದರೆ ಮಗು ನಿಮ್ಮ ಮುಖ ನೋಡಿ ತನ್ನ ಮುಖ ಸರಿಮಾಡಿಕೊಳ್ಳೋದನ್ನ ಕಲೀತಿದೆ.”

ಇವರ ಬಸ್ಸು ದಿನಕ್ಕೆ ಎರಡು ಸಲ ಗೊರೂರನ್ನು ಹಾದು ಹೇಮಾವತಿಯನ್ನು ದಾಟುತ್ತದೆ. ಕನ್ನಡಿಗರನ್ನು ಮನಸಾರೆ ನಗಿಸಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು 1904ರಲ್ಲಿ ಜನಿಸಿದ್ದು ಆ ಊರಿನಲ್ಲಿ. ಅವರ ಬಾಳು ನಗುವಿಗೆ ಅನುಕೂಲವಾಗಿತ್ತೆಂದು ಮಾತ್ರ ಯಾರೂ ಭಾವಿಸಬಾರದು. ಗಾಂಧೀಜಿಯವರ ಕರೆಗೆ ಓಗೊಟ್ಟು ಅವರು ಶಾಲೆಯ ಓದನ್ನು ತ್ಯಜಿಸಿದರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಮೈಸೂರು ಸಂಸ್ಥಾನವು ಭಾರತದೊಡನೆ ಒಂದಾಗಬೇಕೆಂದು 1947ರಲ್ಲಿ ನಡೆದ ಹೋರಾಟದಲ್ಲಿ ಮಗ ರಾಮಚಂದ್ರನನ್ನು ಕಳೆದುಕೊಂಡರು. ಪುತ್ರಶೋಕಕ್ಕೆ ಮಿಗಿಲಾದ ಶೋಕವಿಲ್ಲ. ಅದನ್ನು ಉಂಡ ಮೇಲೆಯೂ ಆ ಲೇಖನಿ ಕಹಿಯಾಗಲಿಲ್ಲ. 1980ರಲ್ಲಿ, ತಮ್ಮ 76ನೆಯ ವಯಸ್ಸಿನಲ್ಲಿ, ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ತಂದುಕೊಟ್ಟದ್ದು ‘ಅಮೆರಿಕದಲ್ಲಿ ಗೊರೂರು’ ಎಂಬ ಪ್ರವಾಸಕಥನ. ಹಳ್ಳಿಯ ಜಗಲಿಯಲ್ಲಿ ಜನರನ್ನು ಅಕ್ಕರೆಯಿಂದ ನೋಡಿ ನೋಡಿ ಪಳಗಿದ ಕಣ್ಣು ಕಡಲಾಚೆಯಲ್ಲಿಯೂ ತನ್ನ ಕೆಲಸವನ್ನು ಮರೆಯಲಿಲ್ಲ. ಅವರ ನಗು ದುಃಖವನ್ನು ಕಾಣದವನ ನಗುವಲ್ಲ. ದುಃಖದ ಪಕ್ಕದಲ್ಲಿಯೇ ಇರುವ ಬೇರೊಂದನ್ನೂ ಕಾಣಲು ಕಲಿತವನ ನಗು.

ಸಂತೋಷಕ್ಕೆ ಗೊರೂರನ್ನು ನೆನೆದರೆ, ಛಲಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರವನ್ನು ನೆನೆಯಬೇಕು. ಅಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ ಬಾಲ್ಯದಲ್ಲಿಯೇ ಪ್ಲೇಗು ತಾಯಿಯನ್ನೂ ಒಡಹುಟ್ಟಿದವರನ್ನೂ ಕಸಿದುಕೊಂಡಿತು. ವಾರಾನ್ನ ಉಂಡು, ಚಿಲ್ಲರೆ ಕೆಲಸಗಳನ್ನು ಮಾಡಿ ಆ ಹುಡುಗ ಓದಿದ. ನಡುವೆ ಓದು ಬಿಟ್ಟು ಅಲೆದದ್ದೂ ಉಂಟು, ಮುಂಬಯಿಯ ರೈಲು ನಿಲ್ದಾಣದಲ್ಲಿ ಕೂಲಿಯಾಗಿ ಮೂಟೆ ಹೊತ್ತದ್ದೂ ಉಂಟು. ಬಳಿಕ ಮೈಸೂರಿಗೆ ಮರಳಿ, ತತ್ತ್ವಶಾಸ್ತ್ರದ ಎಂ.ಎ. ಪರೀಕ್ಷೆಯಲ್ಲಿ ಚಿನ್ನದ ಪದಕ ಪಡೆದರು. 1996ರಲ್ಲಿ ಪ್ರಕಟವಾದ ಅವರ ಆತ್ಮಕಥೆ ‘ಭಿತ್ತಿ’ಯನ್ನು ಓದಿದವರು ಆ ‘ಮರಳಿ’ ಎಂಬ ಮಾತಿನ ತೂಕವನ್ನು ಬಲ್ಲರು. ಛಲವೆಂದರೆ ಎಂದೂ ಕೈಚೆಲ್ಲದಿರುವುದಲ್ಲ. ಕೈಚೆಲ್ಲಿದ ಕೆಲಸಕ್ಕೆ ಮತ್ತೆ ಕೈ ಹಚ್ಚುವುದು.

ಇನ್ನು ಹೊಳೆನರಸೀಪುರ. ಅಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ನಡೆಸಿದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು (1880–1975) ಪೂರ್ವಾಶ್ರಮದಲ್ಲಿ ವೈ. ಸುಬ್ರಹ್ಮಣ್ಯ ಶರ್ಮರೆಂಬ ಶಾಲಾ ಉಪಾಧ್ಯಾಯರು. ವೇದಾಂತವನ್ನು ಕುರಿತು ಅವರು ಬರೆದ ಗ್ರಂಥಗಳು 200ಕ್ಕೂ ಹೆಚ್ಚು. ಸ್ಫೂರ್ತಿ ಬಂದಾಗ ಬರೆಯೋಣವೆಂದು ಕಾಯುವವರಿಂದ ಅಂಥ ರಾಶಿ ಸಾಧ್ಯವಾಗುವುದಿಲ್ಲ.

ಹಿರಿಯರು ಬಾಳಿ ತೋರಿಸಿದ ಈ ಸಂಗತಿಯ ಅಂಚನ್ನು ಈಚಿನ ಮನಶ್ಶಾಸ್ತ್ರವೂ ಮುಟ್ಟಿದೆ. ಅಮೆರಿಕದ ಎಮ್ಮನ್ಸ್ ಮತ್ತು ಮೆಕಲೊ ಎಂಬ ವಿದ್ವಾಂಸರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದು ಗುಂಪಿನವರು ವಾರಕ್ಕೊಮ್ಮೆ ಕೃತಜ್ಞತೆಗೆ ಕಾರಣವಾದ ಸಂಗತಿಗಳನ್ನು ಐದರವರೆಗೆ ಬರೆದರು. ಮತ್ತೊಂದು ಗುಂಪಿನವರು ಅಷ್ಟೇ ಕಿರಿಕಿರಿಗಳನ್ನು ಬರೆದರು. ಕೆಲವು ವಾರಗಳಾದ ಮೇಲೆ ಬದುಕು ಚೆನ್ನಾಗಿದೆಯೆಂದು ಹೆಚ್ಚಾಗಿ ಹೇಳಿದವರು ಮೊದಲ ಗುಂಪಿನವರೇ. ಹಾಡಿದವರಿಗೂ ನರಳಿದವರಿಗೂ ಇರುವ ಅಂತರ ಇದೇ ಅಲ್ಲವೆ? 2010ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದು, ಸಣ್ಣದೊಂದು ಹೊಸ ರೂಢಿ ತಾನೇ ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಬೇಕೆಂದು ಕಂಡುಕೊಂಡಿತು. ಕೆಲವರಿಗೆ 18 ದಿನ ಸಾಕು; ಕೆಲವರಿಗೆ 254 ದಿನದವರೆಗೂ ಹಿಡಿಯಬಹುದು. ನಡುವೆ ಒಂದು ದಿನ ತಪ್ಪಿದ ಮಾತ್ರಕ್ಕೆ ಕೆಲಸ ಕೆಡಲಿಲ್ಲವೆಂಬುದು ಅದರಲ್ಲಿ ಕಂಡ ಮತ್ತೊಂದು ಸಮಾಧಾನದ ಸಂಗತಿ.

ನಮ್ಮ ಗೃಹಸ್ಥರು ಮಹತ್ತಾದ ಪ್ರತಿಜ್ಞೆಯನ್ನೇನೂ ಮಾಡಲಿಲ್ಲ. ಸಂಜೆ ಬಸ್ಸು ಹೇಮಾವತಿಯ ಸೇತುವೆಯ ಮೇಲೆ ಬಂದಾಗ ಆ ದಿನ ಕಂಡ ಒಂದು ಒಳ್ಳೆಯ ಸಂಗತಿಯನ್ನು ನೆನೆದು, ಮನೆಗೆ ಬಂದೊಡನೆ ಮಗಳಿಗೆ ಹೇಳುವುದು. ರಾತ್ರಿ ಊಟದ ತಟ್ಟೆ ತೆಗೆದ ಕೂಡಲೆ, ಧೂಳು ಹಿಡಿದಿದ್ದ ಇಲಾಖಾ ಪರೀಕ್ಷೆಯ ಪುಸ್ತಕವನ್ನು ಹತ್ತೇ ನಿಮಿಷ ಓದುವುದು. ಮನಸ್ಸು ಬರಲೆಂದು ಕಾಯದೆ, ಸೇತುವೆಯನ್ನೂ ತಟ್ಟೆಯನ್ನೂ ಗುರುತು ಮಾಡಿಕೊಂಡರು. ಮೊದಲ ವಾರ ಹೇಳಲು ಏನೂ ಸಿಗಲಿಲ್ಲ. ಮಗಳೂ ಅಪನಂಬಿಕೆಯಿಂದಲೇ ಕೇಳಿದಳು. ಎರಡನೆಯ ವಾರ, ಬುಟ್ಟಿಗೆ ಲಗ್ಗೇಜು ಕೊಡುವುದಿಲ್ಲವೆಂದು ಕಂಡಕ್ಟರನೊಡನೆ ದಾರಿಯುದ್ದಕ್ಕೂ ಜಗಳವಾಡಿದ ಅಜ್ಜಿಯೊಬ್ಬಳು, ಇಳಿಯುವಾಗ ಅವನ ಕೈಗೇ ಎರಡು ಸೀಬೆಹಣ್ಣು ಇಟ್ಟು ಹೋದದ್ದನ್ನು ಕಂಡರು. ಆ ಕಥೆಯನ್ನು ಮಗಳು ಎರಡು ಸಲ ಹೇಳಿಸಿಕೊಂಡಳು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಾರಗಟ್ಟಲೆ ನಿದ್ರೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡವೆನ್ನಿಸುವ ಖಿನ್ನತೆಯನ್ನು ಸೋಮಾರಿತನವೆಂದು ಜರೆಯುವುದು ಕ್ರೌರ್ಯ. ಅದು ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ, ಔಷಧವಿದೆ. ಅನ್ಯಾಯವನ್ನು ನಗುತ್ತ ಸಹಿಸಿಕೊಳ್ಳಿರೆಂಬ ಉಪದೇಶವೂ ಇದಲ್ಲ. ಅಭ್ಯಾಸಕ್ಕೆ ಸಿಕ್ಕುವುದು ನಡುವಿನ ಬಯಲು ಮಾತ್ರ: ಕಷ್ಟ ಹೋಗದಿದ್ದರೂ ಮನೆಯ ಹೊಸ್ತಿಲನ್ನು ಹೇಗೆ ದಾಟಬೇಕೆಂಬುದು, ಕೈಬಿಟ್ಟ ಪುಸ್ತಕವನ್ನು ಈ ರಾತ್ರಿ ತೆರೆಯಬೇಕೋ ಬೇಡವೋ ಎಂಬುದು. ಆ ಬಯಲು ಕಿರಿದಾದರೂ, ಸಂಸಾರವೊಂದರ ಸಂಜೆಗಳೆಲ್ಲ ಕಳೆಯುವುದು ಅಲ್ಲಿಯೇ.

ಗೃಹಸ್ಥರಿಗೆ ಬಡ್ತಿ ಇನ್ನೂ ಬಂದಿಲ್ಲ; ಪರೀಕ್ಷೆ ಮುಂದಿದೆ. ಕಿಟಕಿಯ ಪಕ್ಕದ ಸೀಟು ಈಗಲೂ ಅಪರೂಪವೇ. ಮೊನ್ನೆ ಅವರು ಗೇಟು ತೆರೆದಾಗ ಒಳಗಿನ ಹಾಡು ನಿಲ್ಲಲಿಲ್ಲ. ಅವರು ಚಪ್ಪಲಿ ಬಿಟ್ಟು, ಸದ್ದು ಮಾಡದೆ, ಅದು ಮುಗಿಯುವವರೆಗೂ ಬಾಗಿಲಲ್ಲಿಯೇ ನಿಂತಿದ್ದರು.